ಬೆಂಚಿನ ಪಕ್ಕದವರು
(ಕ್ಯಾಥೊಲಿಕ್ ಪ್ರಾಥಮಿಕ ಶಾಲೆಯಲ್ಲಿ ನಂಬಿಕೆ ಮತ್ತು ಸೇವೆ: ದತ್ತಿ ಉಪನ್ಯಾಸದ ಲಿಖಿತ ರೂಪ)



ನಾನು ಕ್ರೈಸ್ತಳಲ್ಲ. ಕರಾವಳಿಯ ಒಂದು ಇಗರ್ಜಿಯ ಆವರಣದಲ್ಲಿರುವ ಅನುದಾನಿತ ಹಿರಿಯ ಪ್ರಾಥಮಿಕ ಶಾಲೆಗೆ ಟೀಚರಾಗಿ ಸೇರಿ, ಅಲ್ಲೇ ನಿವೃತ್ತಳಾದವಳು. ಕ್ಯಾಥೊಲಿಕ್ ಶಾಲೆಯಲ್ಲಿ ನಂಬಿಕೆಯನ್ನು ಬೆಳೆಸುವ ಬಗ್ಗೆ ಮಾತಾಡಲು ಇಷ್ಟೊಂದು ಗುರುಗಳು, ಧರ್ಮಭಗಿನಿಯರು ಇರುವಾಗ ನನ್ನನ್ನೇಕೆ ಕರೆದಿರಿ ಎಂದು ಸಂಘಟಕರನ್ನು ಕೇಳಿದೆ. "ನೀವು ಒಳಗಿದ್ದುಕೊಂಡೇ ಹೊರಗಿನವರಾಗಿ ನೋಡಿದ್ದೀರಲ್ಲ" ಅಂದರು. ಮಾತು ಚೆನ್ನಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ನಾನು ಪಾಠ ಹೇಳಿದ ಮಕ್ಕಳಲ್ಲಿ ಹೆಚ್ಚಿನವರೂ ಹಾಗೆ ನೋಡಿದರೆ ಹೊರಗಿನವರೇ: ತುಳು ಮಾತಾಡುವವರು, ಬ್ಯಾರಿ ಮಾತಾಡುವವರು, ಘಟ್ಟದ ಮೇಲಿಂದ ಕೂಲಿಗೆ ಬಂದವರ ಮಕ್ಕಳು. ಅವರನ್ನು ಬದಿಗಿಟ್ಟು ಆ ಶಾಲೆಯ ನಂಬಿಕೆಯ ಕತೆ ಹೇಳುವುದಕ್ಕೆ ಬರುವುದಿಲ್ಲ. ಪುಟ್ಟ ಮಕ್ಕಳು ಸೇವೆಯನ್ನು ಕಲಿಯುವುದು ದೂರದ ಬಡವರಿಗೆ ಕಾಣಿಕೆ ಕಳಿಸಿ ಅಲ್ಲ, ಪಕ್ಕದಲ್ಲಿ ಕೂತವರನ್ನು ಶಾಲೆ ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ನೋಡಿ. ನನಗೆ ಹೇಳಲಿಕ್ಕಿರುವುದು ಇಷ್ಟೇ. ಇದನ್ನು ಹೇಳಲು ಒಂದು ಗಂಟೆ ಬೇಕೇ ಎಂದರೆ, ಸಮಯ ಕೊಟ್ಟವರು ನೀವೇ.

ಮೊದಲು ಸ್ವಲ್ಪ ದೂರ, ಫ್ರಾನ್ಸಿಗೆ ಹೋಗಿಬರೋಣ. ರೈಮ್ಸ್ ಪಟ್ಟಣದ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್ (1651–1719) ಸಿರಿವಂತ ಮನೆತನದಲ್ಲಿ ಹುಟ್ಟಿ ಗುರುವಾದವರು. ಅಲ್ಲಿನ ಕೆಥೆಡ್ರಲಿನಲ್ಲಿ ಅವರಿಗೆ ಗೌರವದ, ಆದಾಯದ ಪದವಿಯಿತ್ತು. ಬಡಮಕ್ಕಳಿಗೆ ಪಾಠ ಹೇಳುತ್ತಿದ್ದ, ಅಷ್ಟೇನೂ ಓದಿಲ್ಲದ ಮೇಷ್ಟರುಗಳನ್ನು ಮೊದಲು ಊಟಕ್ಕೆ ಕರೆದರು, ಆಮೇಲೆ ಮನೆಯಲ್ಲೇ ಇರಿಸಿಕೊಂಡರು. ಇಂಥವರನ್ನು ಮನೆಯೊಳಗೆ ಸೇರಿಸುವುದೇ ಎಂದು ನೆಂಟರು ಸಿಟ್ಟಾದರು. 1683ರಲ್ಲಿ ಲಾ ಸಾಲ್ ಪದವಿಯನ್ನೇ ಬಿಟ್ಟರು. ಮರುವರ್ಷ ಬಂದ ಬರಗಾಲದಲ್ಲಿ ತಮ್ಮ ಪಾಲಿನ ಆಸ್ತಿಯನ್ನೆಲ್ಲ ರೊಟ್ಟಿ ಮಾಡಿಸಿ ಹಂಚಿದರು. ಅವರ ಶಾಲೆಗಳಲ್ಲಿ ಮಕ್ಕಳಿಗೆ ಓದು ಕಲಿಸಿದ್ದು ಲ್ಯಾಟಿನ್‌ನಿಂದಲ್ಲ, ಮನೆಮಾತಾದ ಫ್ರೆಂಚಿನಿಂದ. ಬಡವರ ಮಗು ಬೇಗ ಶಾಲೆ ಬಿಟ್ಟು ಕಸುಬಿಗೆ ಇಳಿಯುತ್ತದೆ. ಇರುವಷ್ಟು ದಿನದಲ್ಲಿ ತನ್ನ ಭಾಷೆಯನ್ನಾದರೂ ಓದುವಂತಾಗಲಿ ಎಂಬುದು ಅವರ ವಾದ. ಕನ್ನಡ ಮಾಧ್ಯಮದ ಬಗ್ಗೆ ಇಂದು ಸಭೆಯಲ್ಲಿ ಒಂದು ಮಾತು, ಮನೆಯಲ್ಲಿ ಒಂದು ಮಾತು ಆಡುವ ನಾವು ಇದನ್ನು ತುಸು ನೆನಪಿಟ್ಟುಕೊಂಡರೆ ನಷ್ಟವಿಲ್ಲ. 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್, ಲಾ ಸಾಲ್ ಅವರನ್ನು ಶಿಕ್ಷಕರ ಪಾಲಕ ಸಂತ ಎಂದು ಸಾರಿದರು.

ಲಾ ಸಾಲ್ ಮತ್ತು ಅವರ ಶಿಕ್ಷಕರ ಸಂಘದ ಬ್ರದರ್‌ಗಳು ಸೇರಿ ಶಾಲೆ ನಡೆಸುವ ಕ್ರಮದ ಬಗ್ಗೆ ಒಂದು ಪುಸ್ತಕ ಬರೆದರು. 1706ರಲ್ಲಿ ಹಸ್ತಪ್ರತಿಯಾಗಿ ಇದ್ದದ್ದು 1720ರಲ್ಲಿ ಅಚ್ಚಾಯಿತು. ದೊಡ್ಡ ತತ್ತ್ವಗಳ ಪುಸ್ತಕವಲ್ಲ ಅದು. ಬಾಗಿಲು ಯಾರು ತೆಗೆಯಬೇಕು, ಲೇಖನಿ ಹೇಗೆ ಹಿಡಿಯಬೇಕು, ತರಗತಿಯನ್ನು ಯಾರು ಗುಡಿಸಬೇಕು ಎಂಬಂಥ ಸಣ್ಣಪುಟ್ಟ ಸಂಗತಿಗಳೇ ಅದರ ತುಂಬ. ಮಕ್ಕಳು ಬೆಳಗಿನ ತಿಂಡಿಯನ್ನು ಮನೆಯಿಂದ ತಂದು ತರಗತಿಯಲ್ಲೇ ತಿನ್ನಬೇಕು. ಅಚ್ಚುಕಟ್ಟಾಗಿ ತಿನ್ನುವುದೂ ಒಂದು ಪಾಠವೇ ಎಂದು ಅವರ ಲೆಕ್ಕ. ತಿಂಡಿ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ಬುಟ್ಟಿ ಹಿಡಿದುಕೊಂಡು ಸಾಲುಗಳ ಮುಂದೆ ಹಾದು ಹೋಗುತ್ತಾನೆ. ಮಾತಿಲ್ಲ, ಯಾರನ್ನೂ ಕೇಳುವುದಿಲ್ಲ. ಮನಸ್ಸಿದ್ದವರು ಒಂದು ತುಂಡು ರೊಟ್ಟಿ ಹಾಕುತ್ತಾರೆ. ಆಮೇಲೆ ಮೇಷ್ಟರು ಆ ರೊಟ್ಟಿಯನ್ನು ಅದೇ ತರಗತಿಯ ಬಡ ಮಕ್ಕಳಿಗೆ ಹಂಚುತ್ತಾರೆ. ಆ ಹುಡುಗ ಆಸೆಬುರುಕನಾಗಿರಬಾರದು ಎಂಬ ಎಚ್ಚರವೂ ಅಲ್ಲಿದೆ. ಬರೆದವರು ಮಕ್ಕಳನ್ನು ಬಲ್ಲವರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಬುಟ್ಟಿಯಲ್ಲಿ ನನಗೆ ಹಿಡಿಸುವುದು ಅದು ತರಗತಿಯ ಹೊಸ್ತಿಲು ದಾಟುವುದಿಲ್ಲ ಎಂಬುದು. ಕೊಟ್ಟವನ ಕಣ್ಣೆದುರೇ ಪಡೆದವನು ಇದ್ದಾನೆ. ನಾಳೆ ಲೆಕ್ಕದಲ್ಲಿ ಅವನೇ ಮುಂದಾಗಬಹುದು, ಆಟದಲ್ಲಿ ಅವನೇ ಗೆಲ್ಲಬಹುದು. ಹಿಡಿಸದೆ ಇರುವುದೂ ಒಂದಿದೆ. ಪಡೆದ ಮಕ್ಕಳು ತಮಗೆ ಕೊಟ್ಟವರಿಗಾಗಿ ಪ್ರಾರ್ಥಿಸುವಂತೆ ಮೇಷ್ಟರು ಆಗಾಗ ಹೇಳಬೇಕು ಎನ್ನುತ್ತದೆ ಆ ಪುಸ್ತಕ. ಒಂಬತ್ತು ವರ್ಷದ ಹುಡುಗನಿಗೆ ಅದು ಪ್ರಾರ್ಥನೆಯೋ, ತಾನು ಬಡವ ಎಂದು ದಿನವೂ ಒಪ್ಪಿಸುವ ಪಾಠವೋ? ಮುನ್ನೂರು ವರ್ಷ ಕಳೆದರೂ ಕ್ಯಾಥೊಲಿಕ್ ಶಾಲೆಗಳು ಈ ಪ್ರಶ್ನೆಯನ್ನು ಪೂರ್ತಿ ಬಗೆಹರಿಸಿಕೊಂಡಿಲ್ಲ. ನಮ್ಮ ಸರ್ಕಾರಿ ಶಾಲೆಗಳೂ ಬಗೆಹರಿಸಿಕೊಂಡಿಲ್ಲ ಅನ್ನಿ. ಮಕ್ಕಳನ್ನು ಪ್ರಾರ್ಥನೆಯ ಸಾಲಿನಲ್ಲೇ ನಿಲ್ಲಿಸಿ ವಿದ್ಯಾರ್ಥಿವೇತನದ ಪಟ್ಟಿಯನ್ನು ಗಟ್ಟಿಯಾಗಿ ಓದುವುದನ್ನು ನಾವೆಲ್ಲ ಕೇಳಿದವರೇ.

ಬುಟ್ಟಿ ಹೊಸ್ತಿಲು ದಾಟಿದ್ದು ಮುಂದಿನ ಶತಮಾನದಲ್ಲಿ. ಫ್ರಾನ್ಸಿನದೇ ನಾನ್ಸಿ ಎಂಬ ಊರಿನ ಧರ್ಮಾಧ್ಯಕ್ಷ ಶಾರ್ಲ್ ದ ಫೋರ್ಬಿನ್-ಜಾನ್ಸನ್ 1843ರಲ್ಲಿ ಬಾಲಯೇಸುವಿನ ಹೆಸರಿನಲ್ಲಿ ಮಕ್ಕಳದೇ ಒಂದು ಸಂಘ ಕಟ್ಟಿದರು. ಚೀನಾದಲ್ಲಿ ಹಸುಗೂಸುಗಳನ್ನು ಬೀದಿಪಾಲು ಮಾಡುತ್ತಿದ್ದಾರೆ ಎಂಬ ಮಿಷನರಿಗಳ ಪತ್ರಗಳು ಅವರನ್ನು ಕಲಕಿದ್ದವು. ಮಕ್ಕಳೇ ಮಕ್ಕಳಿಗೆ ನೆರವಾಗಲಿ: ದಿನಕ್ಕೊಂದು ಚಿಕ್ಕ ಪ್ರಾರ್ಥನೆ, ತಿಂಗಳಿಗೊಂದು ಕಾಸು. ಯೋಜನೆ ಅಷ್ಟು ಸರಳ. ದೊಡ್ಡವರಿಂದ ದುಡ್ಡು ಎತ್ತುವುದು ಸುಲಭವಾಗಿದ್ದ ಕಾಲದಲ್ಲಿ, ಎಂಟು ವರ್ಷದ ಮಗುವಿನ ಕಾಸಿಗೂ ಬೆಲೆಯಿದೆ ಎಂದು ಒಬ್ಬ ಧರ್ಮಾಧ್ಯಕ್ಷರಿಗೆ ಹೊಳೆದದ್ದು ಸಣ್ಣ ಮಾತಲ್ಲ. ಜರ್ಮನಿಯಲ್ಲಿ ಇಂದಿಗೂ ಜನವರಿಯ ಮೊದಲ ವಾರ ಮಕ್ಕಳು ಬಾಲಯೇಸುವನ್ನು ನೋಡಲು ಬಂದ ಮೂವರು ಅರಸರ ವೇಷ ಹಾಕಿ ಮನೆಮನೆಗೆ ಹಾಡುತ್ತ ಹೋಗಿ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆಶೀರ್ವಾದ ಬರೆದು, ಲೋಕದ ಬೇರೆ ಮಕ್ಕಳಿಗಾಗಿ ಹಣ ಕೂಡಿಸುತ್ತಾರೆ. 1959ರಿಂದ ಆ ಹಣವನ್ನು ಒಟ್ಟು ಮಾಡುತ್ತಿರುವುದು ಇದೇ ಸಂಘದ ಅಲ್ಲಿನ ಶಾಖೆ. ಐರ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಈಸ್ಟರಿಗೆ ಮೊದಲಿನ ತಪಸ್ಸುಕಾಲ ಬಂತೆಂದರೆ ಟ್ರೋಕರಾ ಎಂಬ ಸೇವಾಸಂಸ್ಥೆಯ ರಟ್ಟಿನ ಡಬ್ಬಿ ಮಕ್ಕಳ ಕೈಗೆ ಬರುತ್ತದೆ.

ಆದರೆ ಇದೇ ದಾರಿ ಹಿಡಿದು ಹೋದ ಇನ್ನೊಂದು ಕತೆಯಿದೆ. ಕಳೆದ ಶತಮಾನದ ನಡುಭಾಗದವರೆಗೆ ಅಮೆರಿಕದ ಕ್ಯಾಥೊಲಿಕ್ ಶಾಲೆಗಳಲ್ಲಿ "ಪೇಗನ್ ಬೇಬಿ" ಎಂಬ ಪದ್ಧತಿಯಿತ್ತು. ತರಗತಿಯವರೆಲ್ಲ ಸೇರಿ ಐದು ಡಾಲರ್ ಕೂಡಿಸಿದರೆ ಏಷ್ಯಾದ್ದೋ ಆಫ್ರಿಕಾದ್ದೋ ಒಂದು ಕ್ರೈಸ್ತೇತರ ಮಗುವನ್ನು ಉಳಿಸಿದಂತೆ. ಆ ಮಗುವಿಗೆ ಹೆಸರಿಡುವ ಹಕ್ಕು ತರಗತಿಗೆ, ಗೋಡೆಗೆ ಒಂದು ಪ್ರಮಾಣಪತ್ರ. ಕೊಟ್ಟ ಮಕ್ಕಳಲ್ಲಿ ಕೇಡಿನ ಭಾವನೆ ಇರಲಿಲ್ಲ, ತಿಂಡಿಯ ಕಾಸು ಉಳಿಸಿ ಕೊಟ್ಟವರು ಅವರು. ಆದರೂ ನಾನು ಆ ಪ್ರಮಾಣಪತ್ರದ ಇನ್ನೊಂದು ತುದಿಯಲ್ಲಿ ನಿಂತು ನೋಡುವವಳು. ಅಲ್ಲಿ ಹೆಸರು ಇಡಿಸಿಕೊಂಡ ಮಗು ನಮ್ಮ ಕಡೆಯದ್ದೇ ಇರಬಹುದಲ್ಲ. ಅದಕ್ಕೆ ಆಗಲೇ ಒಂದು ಹೆಸರಿತ್ತು, ಹೆತ್ತವಳೊಬ್ಬಳಿದ್ದಳು ಎಂದು ಆ ತರಗತಿಯಲ್ಲಿ ಯಾರು ಹೇಳಿದರೋ?

ನಮ್ಮ ಊರಿನಲ್ಲೂ ತಪಸ್ಸುಕಾಲದಲ್ಲಿ ಡಬ್ಬಿ ಇಡುತ್ತಾರೆ. ಹಸಿವು, ರೋಗಗಳ ವಿರುದ್ಧ ಕಾರಿತಾಸ್ ಇಂಡಿಯಾ ನಡೆಸುವ ಅಭಿಯಾನ ನಿಮಗೆಲ್ಲ ಗೊತ್ತು. ಒಂದು ಶಾಲೆಯಲ್ಲಿ, ಹೆಸರು ಬೇಡ, ಯಾವ ತರಗತಿ ಎಷ್ಟು ಕೂಡಿಸಿತು ಎಂದು ನೋಟಿಸ್ ಬೋರ್ಡಿನಲ್ಲಿ ದಿನವೂ ಬರೆಯುತ್ತಿದ್ದರು. ಮೂರನೆಯ ಬಿ ಕೊನೆಯಲ್ಲಿತ್ತು. ಆ ತರಗತಿಯ ಅರ್ಧ ಮಕ್ಕಳು ಬೀಡಿ ಕಟ್ಟುವ ಮನೆಗಳಿಂದ ಬರುವವರು. ಶುಕ್ರವಾರದ ಹೊತ್ತಿಗೆ ಒಬ್ಬ ಹುಡುಗ ಅಂಗಡಿಗೆಂದು ಅಮ್ಮ ಕೊಟ್ಟ ಹಣವನ್ನು ಡಬ್ಬಿಗೆ ಹಾಕಿ ಮನೆಯಲ್ಲಿ ಪೆಟ್ಟು ತಿಂದು ಬಂದ. ತ್ಯಾಗ ಎಂದು ಆ ಬೋರ್ಡು ಅವನನ್ನು ಹೊಗಳೀತು, ನಾನು ಹೊಗಳಲಾರೆ. ಹಸಿದವರಿಗಾಗಿ ಇಟ್ಟ ಡಬ್ಬಿ ಹಸಿದವನಿಂದಲೇ ಕಿತ್ತುಕೊಂಡಿತ್ತು. ಲಾ ಸಾಲ್ ಅವರ ಹುಡುಗ ಬಾಯಿ ಬಿಡದೆ ಬುಟ್ಟಿ ಹಿಡಿದು ನಡೆದದ್ದರ ಬೆಲೆ ಅಂಥ ಬೋರ್ಡನ್ನು ನೋಡಿದವರಿಗೆ ಗೊತ್ತಾಗುತ್ತದೆ.

ಇನ್ನು ನಂಬಿಕೆಯ ವಿಷಯ.

ಮಂಗಳೂರಿನ ಸುತ್ತಿನ ಕ್ಯಾಥೊಲಿಕ್ ಶಾಲೆಗಳ ಇತಿಹಾಸವನ್ನು ನಿಮ್ಮೆದುರು ಹೇಳುವುದು ಮೀನುಗಾರರಿಗೆ ಈಜು ಕಲಿಸಿದಂತೆ. 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಬಂದದ್ದು, 1878ರ ಕೊನೆಗೆ ಜೆಸುಯಿಟರು ಬಂದಿಳಿದದ್ದು, 1887ರಲ್ಲಿ ಜರ್ಮನ್ ಜೆಸುಯಿಟ್ ಫಾದರ್ ಅರ್ಬನ್ ಸ್ಟೈನ್ ಉರ್ಸುಲೈನ್ ಫ್ರಾನ್ಸಿಸ್ಕನ್ ಸಂಸ್ಥೆ ತೆರೆದದ್ದು, 1921ರಲ್ಲಿ ಬೆಂದೂರಿನಲ್ಲಿ ಮೊನ್ಸಿಂಜೊರ್ ರೇಮಂಡ್ ಮಸ್ಕರೇನ್ಹಸ್ ಬೆರಳೆಣಿಕೆಯ ಯುವತಿಯರೊಂದಿಗೆ ಬೆಥನಿ ಸಂಸ್ಥೆಯನ್ನು ಆರಂಭಿಸಿದ್ದು, ಎಲ್ಲವೂ ಶತಮಾನೋತ್ಸವದ ಸ್ಮರಣಸಂಚಿಕೆಗಳಲ್ಲಿ ಬಂದಿವೆ. ಕ್ಯಾಥೊಲಿಕ್ ಮಕ್ಕಳ ನಂಬಿಕೆ ಉಳಿಯಲಿ ಎಂಬುದೂ ಇವರ ಶಾಲೆಗಳ ಒಂದು ಉದ್ದೇಶವಾಗಿತ್ತು. ಬಾಗಿಲು ತೆರೆದ ಮೇಲೆ ಒಳಗೆ ಬಂದವರಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಇದ್ದರು. ಅಲ್ಲಿಂದಲೇ ಈ ಶಾಲೆಗಳು ನಿಜವಾಗಿ ಆಸಕ್ತಿಯ ವಿಷಯವಾಗುವುದು.

ಸಂವಿಧಾನದ 28ನೆಯ ವಿಧಿಯ ಮೂರನೆಯ ಉಪವಿಧಿ ಹೇಳುವುದು ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ, ಆರಾಧನೆಗೆ ಕೂರಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಹಾಗಾಗಿ ನಮ್ಮ ಶಾಲೆಯಲ್ಲಿ ಬೆಳಗಿನ ಮೊದಲ ಪೀರಿಯಡ್‌ಗೆ ಕ್ಯಾಥೊಲಿಕ್ ಮಕ್ಕಳು ಧರ್ಮೋಪದೇಶಕ್ಕೆ ಆಚೆ ಹೋಗುತ್ತಿದ್ದರು, ಉಳಿದವರು ನೀತಿಪಾಠಕ್ಕೆ ಈಚೆ ಬರುತ್ತಿದ್ದರು. ಆಚೆ ಸಿಸ್ಟರ್, ಈಚೆ ನಾನು, ನಡುವೆ ಮರದ ಮಡಚುವ ಅಡ್ಡಗೋಡೆ. ಅದರಲ್ಲಿ ಒಂದು ಹಲಗೆ ಯಾವಾಗಲೋ ಕಿತ್ತುಹೋಗಿತ್ತು. ಅವರ ಪಾಠ ನಮಗೆ, ನಮ್ಮ ಪಾಠ ಅವರಿಗೆ ಕೇಳುತ್ತಿತ್ತು. ಪಂಚತಂತ್ರದ ಕತೆ ಬಂದಾಗ ಆಚೆಯವರು ನಗುತ್ತಿದ್ದರು.

ಒಂದು ದಿನ ಆಚೆ ಬದಿ ಒಳ್ಳೆಯ ಸಮಾರ್ಯನ ಕತೆ. ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಬಿದ್ದವನನ್ನು ಯಾಜಕ ನೋಡಿಯೂ ದಾಟಿ ಹೋದ, ದೇವಾಲಯದ ಸೇವಕ ದಾಟಿ ಹೋದ, ಯೆಹೂದ್ಯರು ಮುಟ್ಟದ ಸಮಾರ್ಯದವನೊಬ್ಬ ನಿಂತ. ಗಾಯ ಕಟ್ಟಿ, ಛತ್ರಕ್ಕೆ ಕರೆದೊಯ್ದು, ಯಜಮಾನನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಎಂದ. ಕತೆ ಮುಗಿಯಿತು. ನನ್ನ ಬದಿಯಲ್ಲಿ ಕೂತಿದ್ದ ಹುಡುಗನೊಬ್ಬ, ಅವನ ಅಪ್ಪ ಪೇಟೆಯಲ್ಲಿ ಹೋಟೆಲು ಇಟ್ಟಿದ್ದರು, ಹಲಗೆಯ ಸಂದಿಯಲ್ಲೇ ಕೇಳಿದ: "ಸಿಸ್ಟರ್, ಅವ ಮತ್ತೆ ಬಂದನಾ? ಬಾಕಿ ಕೊಟ್ಟನಾ?" ಸಿಸ್ಟರ್ ತಡವರಿಸಲಿಲ್ಲ. "ಕತೆಯಲ್ಲಿ ಹೇಳಿಲ್ಲ ಮಗಾ. ನೀನೇ ಮುಂದೆ ಹೇಳು ನೋಡುವ" ಅಂದರು. ಸ್ವಲ್ಪ ಯೋಚಿಸಿ ಅವನೆಂದ, "ಬಂದ. ಆದರೆ ಹೋಟೆಲಿನವರು ದುಡ್ಡು ತಗೊಳ್ಳಲಿಲ್ಲ." ಆಚೆ ಬದಿಯ ಒಬ್ಬಳು ಒಪ್ಪಲಿಲ್ಲ: "ತಗೊಂಡರು. ತಗೊಳ್ಳದಿದ್ದರೆ ಹೋಟೆಲು ನಡೆಯುವುದು ಹೇಗೆ?" ಆ ದಿನ ಎರಡೂ ಬದಿಯ ಪಾಠ ಅಲ್ಲಿಗೇ ನಿಂತಿತು, ವಾದ ಮಾತ್ರ ಗಂಟೆ ಹೊಡೆಯುವವರೆಗೆ ನಡೆಯಿತು.

ಆ ಹಲಗೆಯನ್ನು ಸರಿಮಾಡಿಸಬಾರದೇ ಎಂದು ಇನ್‌ಸ್ಪೆಕ್ಟರು ಕೇಳಿದ್ದುಂಟು. ಅಡ್ಡಗೋಡೆ ಇರಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಸಿಸ್ಟರ್ ನನ್ನ ಮಕ್ಕಳನ್ನು ಎಂದೂ ಆಚೆಗೆ ಕರೆಯಲಿಲ್ಲ. ಹಾಗೆಂದು ತಮ್ಮ ಮಕ್ಕಳಿಗೆ ಹೇಳುವುದನ್ನು ನಮ್ಮ ಮುಲಾಜಿಗೆ ನೀರು ಬೆರೆಸಿ ಹೇಳಲೂ ಇಲ್ಲ. ಯೇಸು ದೇವರ ಮಗ ಎಂದು ಆಚೆ ಗಟ್ಟಿಯಾಗಿ ಹೇಳುತ್ತಿದ್ದರು, ಈಚೆ ನಾವು ಕೇಳಿಸಿಕೊಂಡು ನಮ್ಮ ಕೆಲಸ ನೋಡುತ್ತಿದ್ದೆವು. ಎಲ್ಲ ಧರ್ಮವೂ ಒಂದೇ ಎಂದು ಹೇಳಿ ಕೈತೊಳೆದುಕೊಳ್ಳುವುದು ಮಕ್ಕಳಿಗೆ ಏನನ್ನೂ ಕಲಿಸುವುದಿಲ್ಲ. ಒಂದೇ ಅಲ್ಲ ಎಂದು ಅವರಿಗೆ ಹಬ್ಬದೂಟದಲ್ಲೇ ಗೊತ್ತಾಗಿರುತ್ತದೆ.

ಕ್ಯಾಥೊಲಿಕ್ ಸಭೆಯ ಒಳಗೂ ಈ ವಿಷಯದಲ್ಲಿ ಆಲೋಚನೆ ನಡೆದಿದೆ. ಎರಡನೆಯ ವ್ಯಾಟಿಕನ್ ಮಹಾಸಭೆ ಶಿಕ್ಷಣದ ಬಗೆಗಿನ ತನ್ನ ಘೋಷಣೆಯನ್ನು ಹೊರಡಿಸಿದ್ದು 1965ರ ಅಕ್ಟೋಬರ್ 28ರಂದು. ಅನ್ಯಧರ್ಮಗಳೊಂದಿಗಿನ ಸಂಬಂಧದ ಬಗೆಗಿನ ಘೋಷಣೆ ಹೊರಬಂದದ್ದೂ ಅದೇ ದಿನ. ಒಂದನ್ನು ಕಚೇರಿಯ ಕಪಾಟಿನಲ್ಲಿಟ್ಟು ಇನ್ನೊಂದನ್ನು ಮರೆತ ಶಾಲೆಗಳು ಬೇಕಾದಷ್ಟಿವೆ. ಶಿಕ್ಷಣದ ಘೋಷಣೆಯಲ್ಲೇ, ಕ್ಯಾಥೊಲಿಕ್ ಶಾಲೆ ಯಾರ ಬಗ್ಗೆ ಹೆಚ್ಚು ಕಾಳಜಿ ವಹಿಸಬೇಕು ಎಂಬ ಮಾತಿದೆ: ಬಡವರು, ಕುಟುಂಬದ ಆಸರೆ ಇಲ್ಲದವರು, ಕ್ರೈಸ್ತ ನಂಬಿಕೆಗೆ ಸೇರದವರು. 1988ರ ವ್ಯಾಟಿಕನ್ ದಾಖಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಂಬಿದವರಿಗೆ ಕೊಡುವ ಧರ್ಮೋಪದೇಶ ಬೇರೆ, ಶಾಲೆಯಲ್ಲಿ ಧರ್ಮದ ತಿಳಿವಳಿಕೆ ಕೊಡುವುದು ಬೇರೆ ಎಂದು ಬಿಡಿಸಿ ಹೇಳುತ್ತದೆ. ನಮ್ಮ ಸಿಸ್ಟರ್ ಆ ದಾಖಲೆಯನ್ನು ಓದಿದ್ದರೋ ಇಲ್ಲವೋ, ನಡೆದುಕೊಂಡದ್ದು ಹಾಗೆಯೇ.

ಪುಟ್ಟ ಮಕ್ಕಳ ನಂಬಿಕೆ ಎಂದರೆ ಪ್ರಶ್ನೋತ್ತರಗಳ ಪುಸ್ತಕವನ್ನು ಉರು ಹೊಡೆಯುವುದು ಎಂದು ಬಹಳ ಕಾಲ ಭಾವಿಸಿದ್ದರು. 1910ರಲ್ಲಿ ಪೋಪ್ ಹತ್ತನೆಯ ಪಯಸ್, ಏಳರ ಸುಮಾರಿನ ಮಕ್ಕಳೂ ಪರಮಪ್ರಸಾದ ಸ್ವೀಕರಿಸಬಹುದು ಎಂದು ಆಜ್ಞೆ ಹೊರಡಿಸಿದಾಗ ಇಡೀ ಸಿದ್ಧತೆ ಪ್ರಾಥಮಿಕ ಶಾಲೆಯ ವಯಸ್ಸಿಗೆ ಇಳಿಯಿತು. ಎಳೆಯ ಮಗುವಿಗೆ ದೊಡ್ಡ ಸಿದ್ಧಾಂತವನ್ನು ಹೇಗೆ ಮುಟ್ಟಿಸುವುದು? ಮರಿಯಾ ಮಾಂಟೆಸೊರಿ ಬಾರ್ಸಿಲೋನಾದಲ್ಲಿ ಮಾಡಿದ ಪ್ರಯೋಗ ನನಗೆ ಅಚ್ಚುಮೆಚ್ಚು. ಅಲ್ಲಿನ ಮಕ್ಕಳು ಗೋಧಿ ಬಿತ್ತಿದರು, ದ್ರಾಕ್ಷಿ ಬಳ್ಳಿ ನೆಟ್ಟರು. ಪೂಜೆಯಲ್ಲಿ ಬಳಸುವ ರೊಟ್ಟಿ, ದ್ರಾಕ್ಷಾರಸಗಳು ಎಲ್ಲಿಂದ ಬರುತ್ತವೆ ಎಂಬುದು ಅವರ ಕೈಗೇ ಗೊತ್ತಾಯಿತು. ರೋಮ್‌ನಲ್ಲಿ 1954ರಿಂದ ಸೋಫಿಯಾ ಕವಲೆಟ್ಟಿ ಇದನ್ನೇ ಮುಂದುವರಿಸಿದರು. ಆರು ವರ್ಷದೊಳಗಿನ ಮಗುವಿಗೆ ನೀತಿ ಹೇಳಲು ಹೋಗಬೇಡಿ, ಕುರುಬ ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ ಎಂಬ ಕತೆ ಹೇಳಿ ಸುಮ್ಮನಿರಿ ಎಂಬಂಥ ದಾರಿ ಅವರದ್ದು. ತನ್ನನ್ನು ಯಾರೋ ಹೆಸರು ಹಿಡಿದು ಕರೆಯುತ್ತಾರೆ ಎಂದು ಗೊತ್ತಾದ ಮಗು ಆಮೇಲೆ ಇನ್ನೊಬ್ಬರನ್ನು ಕರೆಯಲು ತಾನಾಗಿ ಕಲಿಯುತ್ತದೆ.

ನಮ್ಮಲ್ಲಿ ಗೋಧಿಯಿಲ್ಲ, ತೆನೆಯಿದೆ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಮರಿಯಮ್ಮನ ಹುಟ್ಟುಹಬ್ಬಕ್ಕೆ, ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂವು ತಂದು ಬಾಲೆ ಮರಿಯಮ್ಮನಿಗೆ ಅರ್ಪಿಸುವುದನ್ನು ನಾನು ವರ್ಷ ವರ್ಷ ನೋಡಿದ್ದೇನೆ. ಹಬ್ಬದ ದಿನ ಹೊಸ ತೆನೆಯ ಆಶೀರ್ವಾದ, ಮಕ್ಕಳ ಕೈಗೆ ಕಬ್ಬು. ಆ ದಿನಗಳಲ್ಲಿ ನಮ್ಮ ನೀತಿಪಾಠದ ಬದಿಯ ಮಕ್ಕಳು ಬೆಳಗ್ಗೆ ತಮ್ಮ ಅಂಗಳದ ದಾಸವಾಳ, ಗೋರಂಟೆ, ರಥಪುಷ್ಪಗಳನ್ನು ಬಾಳೆಲೆಯಲ್ಲಿ ಕಟ್ಟಿ ತಂದು ಗೆಳತಿಯರ ಬುಟ್ಟಿಗೆ ಸುರಿಯುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಗೆಳತಿಯ ಬುಟ್ಟಿ ತುಂಬಬೇಕು, ಅಷ್ಟೇ. ಚೌತಿಯ ಮರುದಿನ ಪಂಚಕಜ್ಜಾಯ ಆಚೆಗೆ ಹೋಗುತ್ತಿತ್ತು.

ಈಗ ಗುಡಿಸುವ ವಿಷಯಕ್ಕೆ ಬರುತ್ತೇನೆ; ಇದರ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡಬೇಕಾಗಿದೆ. ಲಾ ಸಾಲ್ ಶಾಲೆಯಲ್ಲಿ ಗುಡಿಸುವುದು ಮಕ್ಕಳಿಗೆ ವಹಿಸಿದ ಒಂದು ಹೊಣೆ. ಅದನ್ನು ಹಾಗೆಯೇ ಎತ್ತಿ ನಮ್ಮ ನಾಡಿಗೆ ತಂದರೆ ಅದು ಬೇರೆಯೇ ಆಗುತ್ತದೆ. ಇಲ್ಲಿ ಪೊರಕೆಗೆ ಜಾತಿಯಿದೆ. ಸೇವೆಯೆಂದು ಒಬ್ಬ ಹುಡುಗ ಹಿಡಿಯುವ ಪೊರಕೆ, ಅವನ ಪಕ್ಕದ ಹುಡುಗಿಗೆ ಅವಳ ಮನೆತನಕ್ಕೆ ಅಂಟಿಸಿದ ಕೆಲಸ.

ನಮ್ಮ ತರಗತಿಯಲ್ಲಿ ಸಂಜೆ ಗುಡಿಸಲು ಪಾಳಿಯಿತ್ತು. ಅನುಕೂಲಸ್ಥರ ಮನೆಯ ಹುಡುಗ, ಕ್ಯಾಥೊಲಿಕ್ ಮನೆಯವನೇ, ತನ್ನ ಪಾಳಿ ಬಂದಾಗ ಕೈಕಟ್ಟಿ ನಿಂತ. "ನಮ್ಮ ಮನೆಯಲ್ಲಿ ಗುಡಿಸಲು ಕೆಲಸದವಳು ಬರುತ್ತಾಳೆ" ಎಂದ. ಅವನ ಮಾತು ಮುಗಿಯುವ ಮೊದಲೇ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಪೊರಕೆಗೆ ಕೈಹಾಕಿದಳು. ಅವಳ ಅಮ್ಮ ಪೇಟೆಯ ಅಂಗಡಿಗಳನ್ನು ಗುಡಿಸುತ್ತಿದ್ದರು. ಎಂಥ ಒಳ್ಳೆಯ ಹುಡುಗಿ ಎಂದು ಅಲ್ಲಿದ್ದ ಒಬ್ಬ ಟೀಚರ್ ಹೊಗಳಿಯೇ ಬಿಟ್ಟರು. ಅಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬಂದರು. ಹುಡುಗಿಯ ಕೈಯಿಂದ ಪೊರಕೆ ತೆಗೆದುಕೊಂಡು, "ನಿನ್ನ ಪಾಳಿ ಗುರುವಾರ. ಇವತ್ತು ಕೂತುಕೋ" ಎಂದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅರ್ಧ ಕೋಣೆ ತಾವೇ ಗುಡಿಸಿದರು. ಉಳಿದರ್ಧಕ್ಕೆ ಪೊರಕೆಯನ್ನು ಹುಡುಗನ ಕೈಗೆ ಕೊಟ್ಟರು. ಅವನಿಗೆ ಹಿಡಿಯಲೂ ಬರುತ್ತಿರಲಿಲ್ಲ, ಕಸ ಮುಂದೆ ಹೋಗುವ ಬದಲು ಕಾಲಿಗೇ ಬರುತ್ತಿತ್ತು. ಮಕ್ಕಳು ನಕ್ಕರು, ಅವನೂ ನಕ್ಕ. ಉಪದೇಶದ ಒಂದು ಮಾತೂ ಇರಲಿಲ್ಲ.

ಆ ಟೀಚರ್ ಹೊಗಳಿದ್ದು ಸಹಜ. ಕೇಳದೆಯೇ ಕೆಲಸಕ್ಕೆ ಏಳುವ ಮಗುವನ್ನು ಎಲ್ಲ ಶಾಲೆಗಳೂ ಹೊಗಳುತ್ತವೆ. ಆದರೆ ಆ ಹುಡುಗಿ ಎದ್ದದ್ದು ಸೇವಾಭಾವದಿಂದಲ್ಲ, ಇದು ನಮ್ಮ ಕೆಲಸ ಎಂಬ ಅಭ್ಯಾಸದಿಂದ. ಆ ಹೊತ್ತಿಗೆ ಅವಳು ಕಲಿಯಬೇಕಾಗಿದ್ದ ಪಾಠ ಕೂತುಕೊಳ್ಳುವುದು, ಹುಡುಗ ಕಲಿಯಬೇಕಾಗಿದ್ದದ್ದು ಬಗ್ಗುವುದು. ಎಲ್ಲರಿಗೂ ಒಂದೇ ತೆರನ ಸೇವೆಯ ಕಾರ್ಯಕ್ರಮ ಹಾಕುವ ಶಾಲೆಗಳು ಈ ವ್ಯತ್ಯಾಸವನ್ನು ನೋಡುವುದಿಲ್ಲ. ಶೌಚಾಲಯ ತೊಳೆಯಲು ಮಕ್ಕಳನ್ನು ಹಚ್ಚಬಾರದು ಎಂದು ಶಿಕ್ಷಣ ಇಲಾಖೆ ಆದೇಶ ಹೊರಡಿಸಬೇಕಾಗಿ ಬಂದ ರಾಜ್ಯ ನಮ್ಮದು. ಹಚ್ಚಿದ ಕಡೆಯಲ್ಲೆಲ್ಲ ಯಾವ ಮಕ್ಕಳನ್ನು ಹಚ್ಚಿದ್ದರು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಕ್ರೈಸ್ತ ಸಮುದಾಯದ ಒಳಗೂ ಜಾತಿ ಇಗರ್ಜಿಯ ಮೆಟ್ಟಿಲ ಬಳಿ ಚಪ್ಪಲಿಯೊಂದಿಗೆ ಕಳಚಿ ಬೀಳುವುದಿಲ್ಲ ಎಂದು ಹೇಳಿದರೆ ಇಲ್ಲಿರುವ ಯಾರೂ ಬೇಸರಪಟ್ಟುಕೊಳ್ಳಲಾರರು ಎಂದುಕೊಂಡಿದ್ದೇನೆ.

ಪವಿತ್ರ ಗುರುವಾರದ ಕತೆ ಬಗ್ಗುವ, ಕೂತುಕೊಳ್ಳುವ ಈ ಎರಡು ಪಾಠಗಳನ್ನೇ ಹೇಳುತ್ತದೆ ಎಂದು ಕ್ರೈಸ್ತಳಲ್ಲದ ನನಗೆ ಅನಿಸಿದೆ. ಯೇಸು ಟವೆಲು ಸುತ್ತಿಕೊಂಡು ಶಿಷ್ಯರ ಕಾಲು ತೊಳೆಯಲು ಬಗ್ಗಿದಾಗ ಪೇತ್ರ ಕಾಲು ಹಿಂದೆಳೆದುಕೊಂಡ. ಗುರು ಆಳಿನ ಕೆಲಸ ಮಾಡುವುದನ್ನು ಅವನಿಗೆ ನೋಡಲಾಗಲಿಲ್ಲ. ಮೇಲಿದ್ದವನು ಇಳಿದದ್ದು ಒಂದು ಪಾಠವಾದರೆ, ತೊಳೆಸಿಕೊಳ್ಳಲು ಪೇತ್ರ ಕಾಲು ಚಾಚಬೇಕಾಗಿ ಬಂದದ್ದು ಇನ್ನೊಂದು. 2013ರ ಪವಿತ್ರ ಗುರುವಾರ ಪೋಪ್ ಫ್ರಾನ್ಸಿಸ್ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಮಂದಿಯ ಕಾಲು ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರಿದ್ದರು. ಅದರ ಫೋಟೊವನ್ನು ನಾನು ನೀತಿಪಾಠದ ಬದಿಯಲ್ಲಿ ಅಂಟಿಸಿದ್ದೆ. ಸಂವಿಧಾನಕ್ಕೆ ಅದರಿಂದ ಧಕ್ಕೆಯಾಗಿರಲಾರದು.

ಊಟದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. 2002ರಲ್ಲಿ ರಾಜ್ಯದಲ್ಲಿ ಆರಂಭವಾದ ಅಕ್ಷರ ದಾಸೋಹ ಮುಂದೆ ಅನುದಾನಿತ ಶಾಲೆಗಳಿಗೂ ಬಂತು. ಅದಕ್ಕೆ ಮೊದಲು ಬುತ್ತಿ ತಾರದ ಮಕ್ಕಳು ಬಾವಿಕಟ್ಟೆಯಲ್ಲಿ ನೀರು ಕುಡಿದು ಆಟಕ್ಕೆ ಓಡುತ್ತಿದ್ದರು. ಹಸಿವಿಲ್ಲ ಟೀಚರ್ ಎನ್ನುತ್ತಿದ್ದರು. ಲಾ ಸಾಲ್ ಅವರ ಬುಟ್ಟಿಗೆ ಬಿಡಿಸಲಾಗದ ತೊಡಕನ್ನು ಸರ್ಕಾರದ ಅಕ್ಕಿ ಬಿಡಿಸಿತು: ಕೊಟ್ಟವನೂ ಇಲ್ಲ, ಪಡೆದವನೂ ಇಲ್ಲ, ಎಲ್ಲರಿಗೂ ಅನ್ನ ಸಾರು. ಆದರೆ ಕೆಲವು ವರ್ಷಗಳಲ್ಲೇ ಅನುಕೂಲಸ್ಥರ ಮಕ್ಕಳು ಮನೆಯಿಂದ ಡಬ್ಬಿ ತಂದು ಜಗಲಿಯ ತುದಿಯಲ್ಲಿ ಬೇರೆ ಕೂರತೊಡಗಿದರು. ಡಬ್ಬಿ ತರಬೇಡಿ ಎಂದು ಸಿಸ್ಟರ್ ಹೇಳಲಿಲ್ಲ. ತನ್ನಿ, ಆದರೆ ಕೂರುವುದು ಒಂದೇ ಸಾಲಿನಲ್ಲಿ ಎಂದರು. ತಾವೂ ಅದೇ ಸಾಲಿನಲ್ಲಿ, ಅದೇ ಸಾರಿನಲ್ಲಿ ಉಂಡರು. ಡಬ್ಬಿಗಳು ಒಂದೊಂದಾಗಿ ಕಡಿಮೆಯಾದವು. ಒಬ್ಬರೇ ಬೇರೆ ಕೂತು ಉಣ್ಣುವುದು ಮಕ್ಕಳಿಗೆ ಬೇಸರ.

ಇಷ್ಟು ಹೇಳಿದ ಮೇಲೆ, ಶಾಲೆ ತಾನೇ ಹೇಗೆ ನಡೆದುಕೊಳ್ಳುತ್ತಿದೆ ಎಂದು ಕೇಳದಿದ್ದರೆ ದತ್ತಿಯ ಹಣ ದಂಡ.

ನಮ್ಮ ಕರಾವಳಿಯ ಅನೇಕ ಇಗರ್ಜಿಗಳ ಆವರಣದಲ್ಲಿ ಇಂದು ಎರಡು ಶಾಲೆಗಳಿವೆ. ಒಂದು ಹಳೆಯ, ಹೆಂಚಿನ, ಅನುದಾನಿತ ಕನ್ನಡ ಮಾಧ್ಯಮ. ನಿವೃತ್ತರಾದವರ ಹುದ್ದೆಗಳು ವರ್ಷಗಟ್ಟಲೆ ಖಾಲಿ, ಗೌರವ ಶಿಕ್ಷಕಿಯರು ಅಲ್ಪ ಸಂಬಳಕ್ಕೆ ದುಡಿಯುತ್ತಾರೆ, ಮಕ್ಕಳು ಕಡಿಮೆ, ಇರುವ ಮಕ್ಕಳೂ ಬಡವರ ಮಕ್ಕಳೇ. ಇನ್ನೊಂದು ಶುಲ್ಕದ ಇಂಗ್ಲಿಷ್ ಮಾಧ್ಯಮ, ಹೊಸ ಕಟ್ಟಡ, ಹಳದಿ ಬಸ್ಸು, ಪ್ರವೇಶಕ್ಕೆ ಸಾಲು. ಒಂದೇ ಆವರಣ, ಒಬ್ಬರೇ ಸಂಚಾಲಕರು, ಎರಡು ಸಮವಸ್ತ್ರ, ಎರಡು ಪ್ರಾರ್ಥನೆ, ಬೇರೆ ಬೇರೆ ವಾರ್ಷಿಕೋತ್ಸವ. ಇಂಗ್ಲಿಷ್ ಮಾಧ್ಯಮದ ಮಕ್ಕಳನ್ನು ತಪಸ್ಸುಕಾಲದಲ್ಲಿ ಬಸ್ಸಿನಲ್ಲಿ ಕೂರಿಸಿ ಹತ್ತಾರು ಮೈಲಿ ದೂರದ ಅನಾಥಾಶ್ರಮಕ್ಕೆ ಸೇವೆ ಕಲಿಯಲು ಕರೆದೊಯ್ಯುತ್ತಾರೆ. ಹೋಗುವಾಗ ಆ ಬಸ್ಸು ಕನ್ನಡ ಶಾಲೆಯ ಅಂಗಳವನ್ನು ಸುತ್ತಿ ಹಾಯುತ್ತದೆ. ಪೋಷಕರಿಗೆ ಇಂಗ್ಲಿಷ್ ಬೇಕು, ಅದನ್ನು ತಪ್ಪೆನ್ನಲಾರೆ. ನನ್ನ ಮೊಮ್ಮಕ್ಕಳೂ ಅಲ್ಲೇ ಕಲಿಯುತ್ತಿದ್ದಾರೆ. ಆದರೆ ಮಕ್ಕಳ ಕಣ್ಣು ಎಲ್ಲವನ್ನೂ ನೋಡುತ್ತದೆ. ಯಾರು ಯಾರ ಜೊತೆ ಆಡಬಾರದು ಎಂಬ ಪಾಠ ಅವರಿಗೆ ಎರಡು ಶಾಲೆಗಳ ನಡುವಿನ ಬೇಲಿಯಿಂದಲೇ ಸಿಗುತ್ತದೆ. ಧರ್ಮೋಪದೇಶದ ಪೀರಿಯಡ್ ಆಮೇಲೆ ಏನು ಹೇಳಿದರೂ ಆ ಪಾಠವನ್ನು ಅಳಿಸಲಾರದು.

2009ರ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳು ಕಾಲು ಭಾಗದಷ್ಟು ಸೀಟುಗಳನ್ನು ಬಡ, ಹಿಂದುಳಿದ ಮಕ್ಕಳಿಗೆ ಕೊಡಬೇಕು ಎಂದಿತು. 2014ರಲ್ಲಿ ಪ್ರಮತಿ ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದು ಎಂದು ತೀರ್ಪು ಕೊಟ್ಟಿತು. ಸಂವಿಧಾನದ 30ನೆಯ ವಿಧಿಯ ರಕ್ಷಣೆ ಬೇಕಾದದ್ದೇ, ಅಲ್ಪಸಂಖ್ಯಾತರ ಹಕ್ಕಿನ ಬಗ್ಗೆ ನನ್ನ ತಕರಾರಿಲ್ಲ. ನನ್ನ ಪ್ರಶ್ನೆ ಕೋರ್ಟಿನದಲ್ಲ. ಕಾನೂನು ಬಲವಂತ ಮಾಡುವುದಿಲ್ಲ ಎಂದಾದ ಮೇಲೂ ಆ ಕಾಲುಭಾಗವನ್ನು ತಾವಾಗಿ ತೆರೆದಿಟ್ಟ ಶಾಲೆಗಳು ಎಷ್ಟು? ಭಾರತದ ಧರ್ಮಾಧ್ಯಕ್ಷರು 2007ರಲ್ಲಿ ರೂಪಿಸಿದ ಶಿಕ್ಷಣ ನೀತಿ ಬಡವರಿಗೆ, ದಲಿತರಿಗೆ ಆದ್ಯತೆ ಎನ್ನುತ್ತದೆ. ಅದಕ್ಕೆ ಸುಪ್ರೀಂ ಕೋರ್ಟು ವಿನಾಯಿತಿ ಕೊಟ್ಟಿಲ್ಲ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ಎರಡು ಶಾಲೆಗಳಿರುವ ಆವರಣಗಳಲ್ಲಿ ಬರುವ ಜೂನ್‌ನಿಂದ ಬೆಳಗಿನ ಪ್ರಾರ್ಥನೆ ಒಂದೇ ಅಂಗಳದಲ್ಲಿ ನಡೆಯಲಿ, ಆಟೋಟವೂ ಒಟ್ಟಿಗೆ ನಡೆಯಲಿ. ಇಂಗ್ಲಿಷ್ ಮಾಧ್ಯಮದ ಶುಲ್ಕದಿಂದ ಒಂದು ಪಾಲನ್ನು ಎತ್ತಿ ಕನ್ನಡ ಶಾಲೆಯ ಗೌರವ ಶಿಕ್ಷಕಿಯರಿಗೆ ಬದುಕುವಷ್ಟು ಸಂಬಳ ಕೊಡಿ. ಅವರು ಯಾರೆಂದರೆ, ಇಂದು ಈ ಸಭಾಂಗಣಕ್ಕೆ ಕುರ್ಚಿ ಹಾಕಿ, ನಮಗೆಲ್ಲ ಚಹಾ ಕೊಟ್ಟು, ಈಗ ಬಾಗಿಲ ಬಳಿ ನಿಂತು ಕೇಳುತ್ತಿರುವವರು. ಖರ್ಚು ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಲು ಅರ್ಧ ಗಂಟೆ ಸಾಕು. ಐದಾರು ಶಾಲೆಗಳ ಸಂಚಾಲಕರು ಮುಂದಿನ ಸಾಲಿನಲ್ಲೇ ಇದ್ದಾರೆ. ನನಗೆ ಕೊಟ್ಟ ಸಮಯದಲ್ಲಿ ಇನ್ನೂ ಹತ್ತು ನಿಮಿಷ ಉಳಿದಿದೆ. ಫಾದರ್, ದಯವಿಟ್ಟು ಮೈಕು ನೀವು ತೆಗೆದುಕೊಳ್ಳಿ.